ಹಕ್ಕಿಯ ಹಿಂದೆ ಕಾಲ್ನಡಿಗೆ

ಶ್ರೀಮಠದ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಏನನ್ನು ಬರೆಯುವುದೆಂಬ ಜಿಜ್ಞಾಸೆ ಬಹಳ ಹೊತ್ತು ಕಾಡಲಿಲ್ಲ. ಪ್ರಸಾದ ನಿಲಯದಲ್ಲಿ ಉಂಡು, ಅದರ ಜಗಲಿಯ ಮೇಲೆ ಓದಿ ಬೆಳೆದ ನನ್ನಂಥವನಿಂದ ಗುರುಸ್ಮರಣೆಯನ್ನು ನಿರೀಕ್ಷಿಸುವುದು ಸಹಜ. ಆ ಕಾರ್ಯವನ್ನು ನನಗಿಂತ ಸಮರ್ಥರಾದ ಸಹಪಾಠಿಗಳು ಇದೇ ಸಂಪುಟದಲ್ಲಿ ನೆರವೇರಿಸಿರುತ್ತಾರೆಂಬ ಭರವಸೆ ನನಗುಂಟು. ಆದ್ದರಿಂದ ನಾನು ಅಧ್ಯಾಪಕ ವೃತ್ತಿಯಿಂದ 2014ರಲ್ಲಿ ನಿವೃತ್ತನಾದ ಮೇಲೆ ಅಂಟಿಸಿಕೊಂಡ ಒಂದು ಹವ್ಯಾಸವನ್ನು, ಎಂದರೆ ಹಕ್ಕಿಗಳನ್ನು ನೋಡುವ ಸಲುವಾಗಿ ಕಾಡು ತೋಟಗಳಲ್ಲಿ ನಡೆಯುವುದನ್ನು ಕುರಿತು ನಾಲ್ಕು ಮಾತು ಬರೆಯುತ್ತೇನೆ. ವಾಚಕ ಮಹಾಶಯರು ಸಹನೆಯಿಂದ ಓದಬೇಕು.

ನಾನು ನೆಲಸಿರುವುದು ಕೊಡಗಿನ ಚೆಟ್ಟಳ್ಳಿಯಲ್ಲಿ. ಮಡಿಕೇರಿಯಿಂದ ಸಿದ್ದಾಪುರದ ಕಡೆಗೆ ಇಳಿಯುವ ದಾರಿಯಲ್ಲಿ ಸಿಕ್ಕುವ ಈ ಊರನ್ನು ಹೊರಗಿನವರು ಬಲ್ಲುದು ಇಲ್ಲಿನ ಎರಡು ಸಂಶೋಧನಾ ಕೇಂದ್ರಗಳಿಂದ. 1946ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಉಪಕೇಂದ್ರ ಒಂದು. ಕೊಡಗಿನ ಕಿತ್ತಳೆಯ ರೋಗಗಳನ್ನು ಕುರಿತು ಬಹುಕಾಲದಿಂದ ಶ್ರಮಿಸುತ್ತ ಬಂದಿರುವ ತೋಟಗಾರಿಕಾ ಪ್ರಯೋಗ ಕೇಂದ್ರ ಇನ್ನೊಂದು. ಉಳಿದಂತೆ ಸುತ್ತಲೂ ಕಾಫಿ, ಕಾಫಿಯ ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ತೋಟಗಳನ್ನು ದಾಟಿ ಪೂರ್ವಕ್ಕೆ ನಡೆದರೆ ಮೀನುಕೊಲ್ಲಿಯ ರಕ್ಷಿತಾರಣ್ಯ. ಅದರಾಚೆ ಕಾವೇರಿ ನದಿ ಮತ್ತು ದುಬಾರೆಯ ಆನೆ ಶಿಬಿರ. ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂಬುದು ಸರ್ವೆ ಕಲ್ಲಿಗೆ ಗೊತ್ತೇ ಹೊರತು ಹಕ್ಕಿಗೂ ಗೊತ್ತಿಲ್ಲ, ಆನೆಗೂ ಗೊತ್ತಿಲ್ಲ.

ಆನೆಯ ಮಾತು ಬಂದುದರಿಂದ ಹೇಳಿಬಿಡುತ್ತೇನೆ. ನಮ್ಮಲ್ಲಿ ಕಾಲ್ನಡಿಗೆಯೆಂಬುದು ಬೆಂಗಳೂರಿನ ಉದ್ಯಾನವನದ ವಾಯುವಿಹಾರವಲ್ಲ. ಹಗಲೆಲ್ಲ ಆನೆಗಳು ತೋಟದ ನೆರಳಿನಲ್ಲಿಯೇ ನಿಂತಿರುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಮನೆಯ ಹಿತ್ತಲಿಗೇ ಬರುತ್ತವೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕಾರ್ಮಿಕರು ಆನೆಯ ತುಳಿತಕ್ಕೆ ಸಿಕ್ಕಿ ಸತ್ತ ವಾರ್ತೆಯನ್ನು ಈ ಜಿಲ್ಲೆಯವರು ಮತ್ತೆ ಮತ್ತೆ ಓದಿದ್ದಾರೆ. ಆದ್ದರಿಂದ ನಾನು ಒಬ್ಬನೇ ನಡೆಯುವುದಿಲ್ಲ. ಸಮೀಪದ ತೋಟದ ಲೈನ್ ಮನೆಯಲ್ಲಿ ಮಗಳೊಡನೆ ವಾಸವಾಗಿರುವ ಜೇನುಕುರುಬ ವೃದ್ಧರೊಬ್ಬರು ನನಗೆ ಜೊತೆ. ತಾರುಣ್ಯದಲ್ಲಿ ದುಬಾರೆಯಲ್ಲಿ ಆನೆಗಳ ನಡುವೆ ದುಡಿದವರು. ಅವರನ್ನು ನಾನು 'ಅಜ್ಜ' ಎನ್ನುತ್ತೇನೆ, ಅವರು ನನ್ನನ್ನು 'ಮೇಷ್ಟ್ರೇ' ಎನ್ನುತ್ತಾರೆ; ವಯಸ್ಸಿನಲ್ಲಿ ನಮಗೆ ಹತ್ತು ವರ್ಷದ ಅಂತರವೂ ಇರಲಾರದು.

ಅಜ್ಜನ ಕಟ್ಟಳೆಗಳು ಕೆಲವೇ. ಬಿಸಿಲೇರಿ ಮಂಜು ಕರಗುವ ತನಕ ಹೊರಡಕೂಡದು. ಗಾಳಿ ಬೆನ್ನಿನ ಕಡೆಯಿಂದ ಬೀಸುತ್ತಿದ್ದರೆ ದಾರಿ ಬದಲಿಸಬೇಕು. ಲದ್ದಿ ಕಂಡರೆ ಮುಟ್ಟಿ ನೋಡಬೇಕು, ಬೆಚ್ಚಗಿದ್ದರೆ ಹಿಂದಿರುಗಬೇಕು; ಅಂದು ಎಂಥ ಅಪೂರ್ವ ಪಕ್ಷಿ ಕಾದಿದ್ದರೂ ಸರಿಯೆ. ಕೈಯಲ್ಲಿ ದುರ್ಬೀನು ಹಿಡಿದವನಿಗೆ ಈ ಕೊನೆಯ ಕಟ್ಟಳೆ ಬಹಳ ಕಠಿನ. ಮೂವತ್ತು ವರ್ಷ ಮಕ್ಕಳಿಗೆ 'ಸುಮ್ಮನಿರಿ' ಎಂದು ಗದರಿಸಿದ ನನಗೆ, ಸುಮ್ಮನಿರುವುದು ಎಂದರೇನೆಂಬುದನ್ನು ಶಾಲೆಯ ಮೆಟ್ಟಿಲು ಹತ್ತದ ಈ ವೃದ್ಧರು ಕಲಿಸಿದರು.

ನಾವು ಮುಖ್ಯವಾಗಿ ಹುಡುಕಿ ಹೋಗುತ್ತಿದ್ದುದು ಮಂಗಟ್ಟೆ ಹಕ್ಕಿಯನ್ನು. ಮಂಗಟ್ಟೆಗಳಲ್ಲಿ ಹಲವು ಜಾತಿಗಳಿವೆ. ನಮ್ಮ ದೇಶದವುಗಳಲ್ಲಿ ಎಲ್ಲಕ್ಕಿಂತ ಹಿರಿಯದಾದ ದೊಡ್ಡ ಮಂಗಟ್ಟೆ ಮೂರಡಿಗೂ ಉದ್ದವಾದ ಪಕ್ಷಿ. ತಲೆಯ ಮೇಲೆ ಹಳದಿಯ ಶಿರಸ್ತ್ರಾಣ. ಹಾರುವಾಗ ರೆಕ್ಕೆಯಿಂದ ಹೊರಡುವ ಭರ್ರೆಂಬ ಶಬ್ದ ಹಿಂದಿನ ಕಾಲದ ಉಗಿಬಂಡಿಯನ್ನು ನೆನಪಿಗೆ ತರುತ್ತದೆ. ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಕಚೇರಿಯಲ್ಲಿ 1894ರಿಂದ 1920ರವರೆಗೆ ಈ ಜಾತಿಯ ಒಂದು ಹಕ್ಕಿಯನ್ನು ಸಾಕಿದ್ದರು. ಅದಕ್ಕೆ ವಿಲಿಯಂ ಎಂದು ಹೆಸರು. ಸಂಘದ ಲಾಂಛನದಲ್ಲಿ ಇಂದಿಗೂ ಇರುವುದು ಮಂಗಟ್ಟೆಯ ಚಿತ್ರವೇ. ನಮ್ಮ ಚೆಟ್ಟಳ್ಳಿಯ ಆಸುಪಾಸಿನಲ್ಲಿ ಈ ಹಿರಿಯನನ್ನು ನಾನು ಕಂಡದ್ದು ಎರಡೇ ಬಾರಿ, ಎರಡು ಸಲವೂ ಹಣ್ಣು ಬಿಟ್ಟ ಬಸರಿ ಮರದಲ್ಲಿ. ನಿತ್ಯ ಕಾಣುವುದು ಅದರ ಕಿರಿಯ ದಾಯಾದಿಯಾದ ಮಲಬಾರಿನ ಬೂದು ಮಂಗಟ್ಟೆ. ಶಿರಸ್ತ್ರಾಣವಿಲ್ಲ, ಆಡಂಬರವಿಲ್ಲ; ಗಾತ್ರದಲ್ಲಿ ಒಂದೂವರೆ ಅಡಿ. ಮೈ ಬೂದಿಯ ಬಣ್ಣ, ಕೊಕ್ಕು ಮಾತ್ರ ದೊಡ್ಡದು. ಇದರ ಕೂಗು ಯಾರೋ ಮರದ ಮೇಲೆ ಕುಳಿತು ನಮ್ಮನ್ನು ನೋಡಿ ಗಹಗಹಿಸಿದಂತೆ ಇರುತ್ತದೆ. ಹೊಸಬರು ಬೆಚ್ಚಿಬೀಳುತ್ತಾರೆ. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಮತ್ತೆಲ್ಲಿಯೂ ಈ ಹಕ್ಕಿ ಇಲ್ಲವೆಂಬುದನ್ನು ಕೇಳಿದ ಮೇಲೆ ಆ ನಗೆ ನನಗೆ ಬೇರೆಯಾಗಿಯೇ ಕೇಳಿಸತೊಡಗಿತು.

2016ರ ಫೆಬ್ರವರಿ ತಿಂಗಳಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನ ಪರಿಮಳದಿಂದ ತುಂಬಿದ್ದ ದಿನಗಳಲ್ಲಿ, ಅಜ್ಜ ನನ್ನನ್ನು ತಾವಿರುವ ಲೈನ್ ಮನೆಗಳ ಹಿಂದಿನ ಒಂದು ನಂದಿ ಮರದ ಬಳಿಗೆ ಕರೆದೊಯ್ದರು. ನೆಲದಿಂದ ನಲವತ್ತು ಅಡಿ ಎತ್ತರದಲ್ಲಿ ಒಂದು ಪೊಟರೆ. ಪೊಟರೆಯ ಬಾಯಿ ಮಣ್ಣಿನ ಬಣ್ಣದ ಮೆತ್ತೆಯಿಂದ ಮುಚ್ಚಿಹೋಗಿ, ಬೆರಳು ತೂರುವಷ್ಟು ಸೀಳು ಮಾತ್ರ ಉಳಿದಿತ್ತು.

"ಒಳಗೆ ಹೆಣ್ಣು ಐತೆ ಮೇಷ್ಟ್ರೇ. ಗಂಡು ಬರೋ ಗಂಟ ಅಲ್ಲಾಡಬೇಡಿ" ಎಂದರು ಅಜ್ಜ.

ಮುಕ್ಕಾಲು ಗಂಟೆ ಕುಳಿತೆವು. ಗಂಡು ಬಂದು ನೇರವಾಗಿ ಪೊಟರೆಗೆ ಹೋಗಲಿಲ್ಲ. ಎದುರಿನ ಮರದಲ್ಲಿ ಕುಳಿತು ಸುತ್ತ ನೋಡಿತು. ಅನಂತರ ಕಾಂಡಕ್ಕೆ ಕಚ್ಚಿಕೊಂಡು, ಗಂಟಲಿನಿಂದ ಒಂದೊಂದೇ ಹಣ್ಣನ್ನು ಹೊರತೆಗೆದು ಸೀಳಿನ ಮೂಲಕ ಒಳಗೆ ನೀಡಿತು. ನಾನು ಎಣಿಸಿದೆ, ಹನ್ನೊಂದು ಹಣ್ಣುಗಳು. ಕೊನೆಯದು ಒಂದು ಓತಿಯ ಮರಿ.

ಈ ಪಕ್ಷಿಯ ಸಂಸಾರ ವಿಚಿತ್ರವಾದುದು. ಮೊಟ್ಟೆಯಿಡುವ ಕಾಲ ಸಮೀಪಿಸಿದಾಗ ಹೆಣ್ಣು ತಾನೇ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಒಳಗಿರುವಾಗ ಅದರ ರೆಕ್ಕೆಯ ಗರಿಗಳು ಉದುರಿ ಹೊಸದಾಗಿ ಹುಟ್ಟುತ್ತವೆ. ಸುಮಾರು ಮೂರು ತಿಂಗಳ ಕಾಲ ಅದಕ್ಕೂ, ಮರಿ ಹುಟ್ಟಿದ ಮೇಲೆ ಮರಿಗಳಿಗೂ ಗಂಡು ತಂದುಕೊಟ್ಟ ಆಹಾರವೇ ಗತಿ. ಆ ಅವಧಿಯಲ್ಲಿ ಗಂಡಿಗೆ ಏನಾದರೂ ಆದರೆ ಒಳಗಿನ ಕುಟುಂಬದ ಗತಿಯನ್ನು ಊಹಿಸಬಹುದು. ಮಂಗಟ್ಟೆ ತಾನಾಗಿ ಮರವನ್ನು ಕೊರೆಯಲಾರದು. ವಯಸ್ಸಾದ ದೊಡ್ಡ ಮರದಲ್ಲಿ ಕೊಂಬೆ ಮುರಿದು, ಕೊಳೆತು, ತಾನಾಗಿ ಆದ ಪೊಟರೆಯೇ ಬೇಕು. ಅಂಥ ಮರ ಸಿಕ್ಕಿತೆಂದರೆ ವರ್ಷ ವರ್ಷವೂ ಅದಕ್ಕೇ ಹಿಂದಿರುಗುತ್ತದೆ. ಪೊಟರೆಯ ಕೆಳಗಿನ ನೆಲವನ್ನು ಕೆದಕಿದರೆ ಅತ್ತಿ, ರಾಂಪತ್ರೆ, ಧೂಪ ಮುಂತಾದ ಕಾಡುಮರಗಳ ಬೀಜಗಳು ಸಿಕ್ಕುತ್ತವೆ, ಕೆಲವು ಮೊಳೆತು ನಿಂತಿರುತ್ತವೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಇಷ್ಟು ಬಗೆ ಒಟ್ಟಿಗೆ ಕಾಣುವುದು ಕಷ್ಟ.

ಅಂದಿನಿಂದ ಪ್ರತಿ ವರ್ಷವೂ ಜನವರಿಯಿಂದ ಮೇ ತನಕ ನಾನು ಆ ಮರದ ಎದುರಿಗೆ ಕುಳಿತು ಟಿಪ್ಪಣಿ ಮಾಡಿಕೊಳ್ಳುವುದು ರೂಢಿಯಾಯಿತು. ಅಜ್ಜನ ಮೊಮ್ಮಗಳೂ ಕೆಲವೊಮ್ಮೆ ಪಕ್ಕದಲ್ಲಿ ಕುಳಿತು ಹಣ್ಣುಗಳನ್ನು ಎಣಿಸುವಳು. ಎಣಿಕೆಯಲ್ಲಿ ನನಗಿಂತ ಅವಳೇ ಚುರುಕು.

ಇನ್ನು ಎಮು ಹಕ್ಕಿಯ ವಿಷಯ. ಆಸ್ಟ್ರೇಲಿಯದ ಈ ಹಕ್ಕಿಯ ಹೆಸರು ನಮ್ಮ ಕಡೆಯ ಕೃಷಿಕರಿಗೆ ಹೊಸದೇನಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಮಾಂಸ, ಎಣ್ಣೆ, ಮೊಟ್ಟೆಗಳಿಂದ ದಿಢೀರ್ ಶ್ರೀಮಂತರಾಗುವ ಆಸೆಯಿಂದ ದಕ್ಷಿಣ ಭಾರತದ ಅನೇಕರು ಎಮು ಸಾಕಿದರು. 2012ರಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ ಎಮು ಸಾಕಣೆಯ ಹೆಸರಿನಲ್ಲಿ ಠೇವಣಿ ಸಂಗ್ರಹಿಸಿದ್ದ ಸಂಸ್ಥೆಗಳು ಕುಸಿದು, ಠೇವಣಿದಾರರು ಬೀದಿಗೆ ಬಂದರು. ಮೇವಿಲ್ಲದ ಹಕ್ಕಿಗಳೂ ಬೀದಿಗೆ ಬಂದವು. ತಂತಿ ಬೇಲಿಯ ಹಿಂದೆ ಮಣ್ಣು ಮೆತ್ತಿಕೊಂಡು ನಿಂತ ಇಂಥ ಎಮುಗಳನ್ನು ಕಂಡಿದ್ದ ನನಗೆ ಆ ಜಾತಿಯ ಬಗ್ಗೆ ಯಾವ ಗೌರವವೂ ಇರಲಿಲ್ಲ.

2019ರ ಸೆಪ್ಟೆಂಬರಿನಲ್ಲಿ ಮೆಲ್ಬರ್ನ್ ನಗರದಲ್ಲಿರುವ ಮಗಳ ಮನೆಗೆ ಹೋದಾಗ ಅವಳು, "ಅಪ್ಪಾ, ನಿಮಗೆ ನಮ್ಮೂರಿನ ಮಂಗಟ್ಟೆಗಿಂತ ದೊಡ್ಡ ಹಕ್ಕಿ ತೋರಿಸುತ್ತೇನೆ, ನಡೆಯುವುದಕ್ಕೆ ತಯಾರಾಗಿ" ಎಂದಳು. ಪಶ್ಚಿಮಕ್ಕೆ ಮೂರೂವರೆ ಗಂಟೆಗಳ ಪ್ರಯಾಣ. ವಾರ್ನಂಬೂಲ್ ಎಂಬ ಪಟ್ಟಣವನ್ನು ದಾಟಿದ ಮೇಲೆ ಟವರ್ ಹಿಲ್ ಎಂಬಲ್ಲಿಗೆ ಕರೆದೊಯ್ದಳು. ಅದು ಸುಮಾರು ಮೂವತ್ತು ಸಾವಿರ ವರ್ಷಗಳಿಗೂ ಹಿಂದೆ ಸ್ಫೋಟಿಸಿ ಆರಿದ ಜ್ವಾಲಾಮುಖಿಯ ಬಾಯಿ. ಈಗ ಒಳಗೆ ಕೆರೆ, ಕೆರೆಯ ನಡುವೆ ಗುಡ್ಡಗಳು, ಗುಡ್ಡಗಳ ಮೇಲೆ ಕುರುಚಲು ಕಾಡು.

ವಾಹನ ನಿಲ್ಲಿಸುವಲ್ಲಿಯೇ ಎಮುಗಳು ತಿರುಗಾಡುತ್ತಿದ್ದವು. ಬುತ್ತಿ ಬಿಚ್ಚಿದವರ ಕೈಯಿಂದ ಕಸಿಯುವಷ್ಟು ಸಲಿಗೆ. ಇದು ನಮ್ಮ ಘಟ್ಟದ ಕೋತಿಗಳ ವಿದ್ಯೆಯೇ ಆದ್ದರಿಂದ ನಾನು ಅಲ್ಲಿ ನಿಲ್ಲದೆ ಕಾಲುದಾರಿ ಹಿಡಿದೆ. ಅರ್ಧ ಗಂಟೆ ನಡೆದ ಮೇಲೆ, ಒಣಹುಲ್ಲಿನ ಇಳಿಜಾರಿನಲ್ಲಿ, ಆಳೆತ್ತರದ ಒಂದು ಎಮು ತಲೆ ತಗ್ಗಿಸಿ ಮೇಯುತ್ತಿತ್ತು. ಅದರ ಕಾಲುಗಳ ಬಳಿ ಮೈಮೇಲೆ ಉದ್ದ ಪಟ್ಟೆಗಳಿದ್ದ ಏಳು ಮರಿಗಳು. ಅಜ್ಜನ ಪಾಠದಂತೆ ಗಾಳಿಯ ದಿಕ್ಕನ್ನು ನೋಡಿ ಕುಳಿತುಬಿಟ್ಟೆ. ಓಡುವುದರ ಬದಲು ಅದೇ ನಮ್ಮತ್ತ ಹತ್ತು ಹೆಜ್ಜೆ ಬಂದು, ಕತ್ತು ನೀಡಿ, ಕುತೂಹಲದಿಂದ ನಮ್ಮನ್ನು ನೋಡಿತು. ಗಂಟೆಗೆ ನಲವತ್ತೈದು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಬಲ್ಲ ಹಕ್ಕಿ. ಆದರೂ ಅವಸರವೇ ಇಲ್ಲ.

"ತಾಯಿ ಎಷ್ಟು ಧೈರ್ಯವಾಗಿದೆ ನೋಡು" ಎಂದೆ.

"ಅದು ತಾಯಿಯಲ್ಲ ಅಪ್ಪಾ, ತಂದೆ" ಎಂದಳು ಮಗಳು.

ನಿಜ. ಎಮುವಿನ ಹೆಣ್ಣು ಕಡು ಹಸುರು ಬಣ್ಣದ ಮೊಟ್ಟೆಗಳನ್ನಿಟ್ಟು ತನ್ನ ದಾರಿ ಹಿಡಿಯುತ್ತದೆ. ಗಂಡು ಸುಮಾರು ಎಂಟು ವಾರ ಕಾವಿಗೆ ಕುಳಿತು, ಆ ಕಾಲದಲ್ಲಿ ಬಹುಮಟ್ಟಿಗೆ ನಿರಾಹಾರಿಯಾಗಿದ್ದು, ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಜೀವ ಹಿಡಿಯುತ್ತದೆ. ಮರಿಗಳನ್ನು ಅನೇಕ ತಿಂಗಳು ಕಾಯುವುದೂ ಅದೇ. ಇಂಥ ಹಕ್ಕಿಯ ಮೇಲೆ 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗೋಧಿ ಬೆಳೆಗಾರರ ಮೊರೆಗೆ ಓಗೊಟ್ಟು ಸರ್ಕಾರ ಮೆಷಿನ್ ಗನ್ನುಗಳೊಡನೆ ಸೈನಿಕರನ್ನು ಕಳುಹಿಸಿತು. ಹಕ್ಕಿಗಳು ಚದರಿ ಓಡಿ ಗುಂಡುಗಳಿಗೆ ಸಿಕ್ಕಲಿಲ್ಲ, ಸೈನ್ಯ ಹಿಂದಿರುಗಬೇಕಾಯಿತು. ಅಲ್ಲಿಯ ಜನ ಇದನ್ನು ಎಮು ಯುದ್ಧವೆಂದು ಇಂದಿಗೂ ನಗುತ್ತ ಹೇಳುತ್ತಾರೆ. ಬೆಳೆ ಕಳೆದುಕೊಂಡ ರೈತನಿಗೆ ಅದು ನಗೆಯ ಮಾತಾಗಿರಲಿಲ್ಲವೆಂಬುದು ಆನೆಯ ಕಾಟವನ್ನು ಬಲ್ಲ ನಮಗೆ ಅರ್ಥವಾಗುತ್ತದೆ.

ಆದರೆ ಟವರ್ ಹಿಲ್‌ನಲ್ಲಿ ನನ್ನನ್ನು ಎಮುವಿಗಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಆ ಕಾಡಿನ ಕಥೆ. 1855ರಲ್ಲಿ ಯೂಜೀನ್ ಫಾನ್ ಗೆರಾರ್ಡ್ ಎಂಬ ಚಿತ್ರಕಾರ ಆ ಸ್ಥಳದ ಚಿತ್ರವೊಂದನ್ನು ಗಿಡ ಮರಗಳ ಜಾತಿಯನ್ನೂ ಗುರುತಿಸಬಹುದಾದಷ್ಟು ಸೂಕ್ಷ್ಮವಾಗಿ ಬರೆದ. ಅನಂತರ ವಲಸಿಗರು ಮರಗಳನ್ನು ಕಡಿದರು, ದನ ಮೇಯಿಸಿದರು, ಕಲ್ಲು ಒಡೆದರು. 1892ರಲ್ಲಿ ವಿಕ್ಟೋರಿಯ ರಾಜ್ಯದ ಮೊತ್ತಮೊದಲ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರೂ ನೆಲ ಬೋಳಾಗಿಯೇ ಉಳಿಯಿತು. 1961ರಲ್ಲಿ ಮತ್ತೆ ರಕ್ಷಿತ ಪ್ರದೇಶವಾದ ಮೇಲೆ ಆ ಹಳೆಯ ಚಿತ್ರವನ್ನೇ ಮುಂದಿಟ್ಟುಕೊಂಡು ಯಾವ ಇಳಿಜಾರಿನಲ್ಲಿ ಯಾವ ಮರವಿತ್ತೆಂಬುದನ್ನು ತಿಳಿದು, ಶಾಲಾ ಮಕ್ಕಳೂ ಸ್ವಯಂಸೇವಕರೂ ಸೇರಿ ಮೂರು ಲಕ್ಷದಷ್ಟು ಗಿಡಗಳನ್ನು ನೆಟ್ಟರು. ಎಮುಗಳನ್ನು ಆಮೇಲೆ ತಂದು ಬಿಟ್ಟದ್ದು. ನಾವು ಕುಳಿತಿದ್ದ ನೆರಳು ನನಗಿಂತ ಕಿರಿಯದು.

ಹಿಂದಿರುಗುವ ದಾರಿಯಲ್ಲಿ, ಒಂದು ಪಟ್ಟಣದ ಬೀದಿಬದಿಯಲ್ಲಿ, ಪರಿಚಿತವಾದ ಮರವೊಂದು ಕಂಡಿತು. ಜರಿಗಿಡದಂಥ ಎಲೆ, ಬೆಳ್ಳಿಯ ಹೊಳಪಿನ ಅಡಿಭಾಗ. ಸಿಲ್ವರ್ ಓಕ್! ಪೂರ್ವ ಆಸ್ಟ್ರೇಲಿಯ ಅದರ ತವರು. ಎಮುವಿನ ನಾಡಿನ ಈ ಮರ ನಮ್ಮ ಕಾಫಿ ತೋಟಗಳಿಗೆ ಬಂದು ಎಷ್ಟು ತಲೆಮಾರುಗಳಾದವು! ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೇರ ಕಂಬವಾಗುತ್ತದೆ, ಕಡಿದು ಮಾರಲು ಕಾಡುಮರಗಳಿಗೆ ಬೇಕಾದ ಅನುಮತಿಯ ತೊಡಕಿಲ್ಲ. ಜಮ್ಮಾ ಬಾಣೆಯ ಮರಗಳ ಹಕ್ಕಿನ ವಿವಾದದಲ್ಲಿ ಬೇಸತ್ತ ಬೆಳೆಗಾರ ತನ್ನದೆಂದು ಹೇಳಿಕೊಳ್ಳಬಹುದಾದ ಮರವನ್ನು ನೆಟ್ಟರೆ ಅವನನ್ನು ದೂರುವುದು ಹೇಗೆ? ಆದರೆ ಅದರಲ್ಲಿ ಮಂಗಟ್ಟೆ ತಿನ್ನುವ ಹಣ್ಣಿಲ್ಲ, ಪೊಟರೆಯಾಗುವಷ್ಟು ವಯಸ್ಸಾಗಲು ಅದನ್ನು ಯಾರೂ ಬಿಡುವುದಿಲ್ಲ. ನಮ್ಮ ಜಿಲ್ಲೆಯ 1,200ಕ್ಕೂ ಮೀರಿದ ದೇವರಕಾಡುಗಳಲ್ಲಿ ಹಳೆಯ ಮರಗಳು ಉಳಿದಿವೆಯಾದರೂ, ಬಹುತೇಕ ಕಾಡುಗಳು ಒಂದೆರಡು ಎಕರೆಯವು. ತೋಟದ ಮರಗಳಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹಕ್ಕಿ ಹೋಗುವ ದಾರಿ ಕಡಿದುಹೋಗುತ್ತದೆ.

ಈಗ ನಮ್ಮ ನಂದಿ ಮರಕ್ಕೆ ಒದಗಿದ ಸಂಕಟವನ್ನು ಹೇಳಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಮೇಲೆ ಸುರಿದ ಮಳೆಯನ್ನೂ ಕುಸಿದ ಬೆಟ್ಟಗಳನ್ನೂ ವಾಚಕರು ಮರೆತಿರಲಾರರು. ಅಂದಿನಿಂದ ಮನೆಯ ಮೇಲೆ ವಾಲಿದ ದೊಡ್ಡ ಮರಗಳನ್ನು ಕಂಡರೆ ಜನಕ್ಕೆ ಭಯ. ನಂದಿ ಮರದ ಭಾರವಾದ ಎರಡು ಕೊಂಬೆಗಳು ಲೈನ್ ಮನೆಗಳ ಮೇಲೆಯೇ ಚಾಚಿದ್ದವು. ತೋಟದ ಯಜಮಾನರು ಮರವನ್ನು ತೆಗೆಸಲು ಅರ್ಜಿ ಹಾಕಿದ್ದರು. 2022ರ ಮಾರ್ಚಿನಲ್ಲಿ ಅನುಮತಿ ಬಂದಿತು. ಪೊಟರೆಯ ಬಾಯಿ ಮುಚ್ಚಿ ಆಗ ತಿಂಗಳಾಗಿತ್ತು.

ನಾನು ಅವರಲ್ಲಿಗೆ ಹೋದೆ. ಎಪ್ಪತ್ತೈದು ದಾಟಿದ ಹಿರಿಯರು, ಸೈನ್ಯದಲ್ಲಿದ್ದು ಬಂದವರು. ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿ, ಕೊನೆಗೆ ಹೇಳಿದರು:

"ಮೇಷ್ಟ್ರೇ, ಮರ ನನಗೆ ಭಾರವಲ್ಲ, ಅದರ ದುಡ್ಡೂ ನನಗೆ ಬೇಡ. ಕೆಳಗೆ ಐದು ಮನೆಗಳಿವೆ. ಜುಲೈ ಗಾಳಿಗೆ ಮರ ಬಿದ್ದರೆ ನಿಮ್ಮ ಹಕ್ಕಿ ಹಾರಿಹೋಗಬಹುದು. ಆ ಮಕ್ಕಳು ಎಲ್ಲಿಗೆ ಹಾರುತ್ತಾರೆ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಕ್ಕಿಯ ಪರವಾಗಿ ವಾದಿಸುವವನ ಮನೆ ಮರದ ಕೆಳಗಿಲ್ಲದಿದ್ದರೆ ಅವನ ವಾದಕ್ಕೆ ತೂಕ ಎಷ್ಟು? ಅಜ್ಜನನ್ನು ಕೇಳೋಣವೆಂದೆ. ಯಜಮಾನರು ಒಪ್ಪಿದರು; ಇಬ್ಬರೂ ಮರದ ಬುಡಕ್ಕೆ ಹೋದೆವು. ಅಜ್ಜನ ಮಗಳು ಸೀದಾ ಹೇಳಿದಳು: ಮಳೆಗಾಲದ ರಾತ್ರಿಗಳಲ್ಲಿ ತಾನು ಮಲಗಿ ನಿದ್ರೆ ಮಾಡಿ ನಾಲ್ಕು ವರ್ಷವಾಯಿತು, ಮಗಳನ್ನು ಒಳಗೋಡೆಗೆ ಒತ್ತಿ ಮಲಗಿಸಿ ತಾನು ಗಾಳಿಯ ಸದ್ದು ಕೇಳುತ್ತ ಕೂರುತ್ತೇನೆ ಎಂದು. ಮರ ಹೋದರೆ ಅವಳಿಗೆ ಸಂತೋಷವೇ. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಮರವನ್ನು ಒಂದು ಸುತ್ತು ಸುತ್ತಿದರು, ಕತ್ತಿಯ ಹಿಡಿಯಿಂದ ಕಾಂಡವನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟರು.

"ಬುಡ ಗಟ್ಟಿ ಐತೆ ಅಯ್ಯಾ. ಪೊಟರೆ ಮೇಲೆ ಮಾತ್ರ ಟೊಳ್ಳು. ಮನೆ ಕಡೆ ಕೊಂಬೆ ಎರಡೂ ತೆಗೆದು, ತಲೆ ಇಳಿಸಿದ್ರೆ ಬೀಳಾಕಿಲ್ಲ. ಮರಿ ಇಳೀಲಿ, ಮಳೆಗೆ ಮುಂಚೆ ನಾನೇ ನಿಂತು ಕಡಿಸ್ತೀನಿ."

ಯಜಮಾನರು ಮಗಳ ಮುಖ ನೋಡಿದರು. "ಏನಮ್ಮಾ, ಮೇ ತಿಂಗಳವರೆಗೆ ತಡೆಯಬಹುದೇ?" ಎಂದರು. ಅವಳು ತಲೆಯಾಡಿಸಿದಳು, ಮನಃಪೂರ್ವಕವಾಗಿ ಅಲ್ಲ. ಏಪ್ರಿಲಿನಲ್ಲಿ ಎರಡು ದಿನ ಗುಡುಗು ಮಳೆ ಗಾಳಿ ಬಂದಾಗ ಯಜಮಾನರು ಆ ಐದು ಕುಟುಂಬಗಳನ್ನೂ ತಮ್ಮ ಕಾಫಿ ಗೋದಾಮಿನಲ್ಲಿ ಮಲಗಿಸಿದರು. ನಾನು ಆ ರಾತ್ರಿಗಳಲ್ಲಿ ಮನೆಯಲ್ಲಿ ಎಚ್ಚರವಾಗಿಯೇ ಇದ್ದೆ.

ಮೇ 9ರ ಬೆಳಿಗ್ಗೆ ಪೊಟರೆಯ ಬಾಯಿ ಒಡೆದಿತ್ತು. ತಾಯಿ ಹಕ್ಕಿ ಎದುರಿನ ಹಲಸಿನ ಮರದಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಮರಿಯೂ ಹೊರಬಂದು, ಮೊದಲು ಹಾರಿದ್ದೇ ನೇರವಾಗಿ ಅಜ್ಜನ ಮನೆಯ ಹೆಂಚಿನ ಮೇಲೆ. ಅಲ್ಲಿ ಸ್ವಲ್ಪ ಹೊತ್ತು ಗಲಿಬಿಲಿಗೊಂಡು ಕುಳಿತು ಅನಂತರ ಮರ ಸೇರಿತು. ವಾರ ಕಳೆದ ಮೇಲೆ ಮರ ಹತ್ತುವವರನ್ನು ಕರೆಸಿ, ಅಜ್ಜನೇ ಕೆಳಗೆ ನಿಂತು, ಮನೆಗಳ ಕಡೆಯ ಕೊಂಬೆಗಳನ್ನು ಹಗ್ಗ ಕಟ್ಟಿ ಇಳಿಸಿದರು; ತಲೆಯನ್ನೂ ಇಳಿಸಿದರು. ಉಳಿದದ್ದು ಮೋಟು ಮರ, ಪೊಟರೆ ಮತ್ತು ಒಂದೇ ಕೊಂಬೆ. ನೋಡಲು ಚೆಲುವಾಗಿರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಅದು ಅಲುಗಾಡಲಿಲ್ಲ. ಅಜ್ಜನ ಮಗಳು ಮಲಗಿ ನಿದ್ರೆ ಮಾಡಿದಳು.

2023ರ ಜನವರಿಯಲ್ಲಿ ಜೋಡಿ ಬಂದಿತು. ಮೂರು ದಿನ ಸುತ್ತಲೂ ಕೂಗಿ, ಪೊಟರೆಯೊಳಗೆ ಕೊಕ್ಕು ತೂರಿಸಿ ನೋಡಿ, ನಾಲ್ಕನೆಯ ದಿನದಿಂದ ಕಾಣಿಸಲಿಲ್ಲ. ನೆರಳು ಹೋದುದರಿಂದ ಪೊಟರೆಯ ಬಾಯಿಗೆ ನೇರ ಬಿಸಿಲು ಬೀಳುತ್ತಿತ್ತು. ಮರುವರ್ಷ ಅದರಲ್ಲಿ ಮೈನಾಗಳು ಸಂಸಾರ ಹೂಡಿದವು. ಯಜಮಾನರು ದಾರಿಯಲ್ಲಿ ಸಿಕ್ಕಾಗಲೆಲ್ಲ, "ಏನು ಮೇಷ್ಟ್ರೇ, ನಿಮ್ಮ ಹಕ್ಕಿ ಬಂತೇ?" ಎಂದು ಕೇಳುವರು, ಆ ಪ್ರಶ್ನೆಯಲ್ಲಿ ಪರಿಹಾಸ್ಯವಿರಲಿಲ್ಲ. ಪೊಟರೆಗೆ ಮರೆಯಾಗಲೆಂದು ಅವರು ಪಶ್ಚಿಮದ ಕಡೆಗೆ ನೆಡಿಸಿದ್ದು ಸಿಲ್ವರ್ ಓಕನ್ನಲ್ಲ. ಮರದ ಬುಡದಲ್ಲಿ ಹಕ್ಕಿಯೇ ಬಿತ್ತಿ ಮೊಳೆತಿದ್ದ ಅತ್ತಿಯ ಸಸಿಯನ್ನು ಅಜ್ಜ ಕಿತ್ತು ಅಲ್ಲಿಗೆ ಹಚ್ಚಿದರು. ಮೋಟು ಮರವೂ ಚಿಗುರಿ ಈಗ ತಲೆಯ ಮೇಲೆ ಕೊಡೆಯಷ್ಟು ಹಸುರು ಬಂದಿದೆ.

ಈ ಜನವರಿಯಲ್ಲಿ ಗಂಡು ಹೆಣ್ಣು ಎರಡೂ ಮತ್ತೆ ಕಾಣಿಸಿಕೊಂಡಿವೆ. ನನಗೆ ಮಂಡಿನೋವು ಹೆಚ್ಚಾಗಿ ಪ್ರತಿದಿನ ಹೋಗಲಾಗುತ್ತಿಲ್ಲ. ಅಜ್ಜನ ಮೊಮ್ಮಗಳು ಶಾಲೆಯ ಬಸ್ಸಿಗೆ ಕಾಯುವ ಮುಂಚೆ ಮರದ ಕಡೆ ಹೋಗಿ ನೋಡಿ, ನಾನು ಕೊಟ್ಟ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡುತ್ತಾಳೆ. ನಿನ್ನೆ ಸಂಜೆ ತಂದು ತೋರಿಸಿದ ಪುಟದಲ್ಲಿ, "ಗಂಡು ಎರಡು ಸಲ ಬಂತು. ಅತ್ತಿಹಣ್ಣು ತಂದಿತ್ತು. ಹೆಣ್ಣು ಒಳಗೆ ಹೋಗಿ ಹೊರಗೆ ಬಂತು. ಬಾಯಿ ಇನ್ನೂ ಮುಚ್ಚಿಲ್ಲ" ಎಂದಿತ್ತು.